ಐವತ್ತೈದು ದಾಟಿದವರಿಗೆ ದೂರಯಾನದ ಬೈಕ್ ಒಗ್ಗುವುದೇ?

ನಿವೃತ್ತಿಗೆ ಎರಡು ಮೂರು ವರ್ಷ ಬಾಕಿ. ಮಕ್ಕಳ ಓದು ಮುಗಿದಿದೆ, ಮನೆಯ ಸಾಲ ತೀರಿದೆ. ಕಾಲೇಜಿನ ದಿನಗಳಲ್ಲಿ ಯೆಜ್ಡಿ ಓಡಿಸಿಕೊಂಡು ಆಗುಂಬೆಗೆ ಹೋಗಿ ಬಂದ ನೆನಪು ಮಾಸಿಲ್ಲ. ಈಗ ಕೈಯಲ್ಲಿ ಹಣವಿದೆ, ಮುಂದೆ ಸಮಯವೂ ಸಿಗಲಿದೆ. ಶೋರೂಮಿನಲ್ಲಿ ನಿಂತ ದೊಡ್ಡ ಬೈಕ್ ಕರೆಯುತ್ತಿದೆ. ಮನೆಯಲ್ಲಿ ಮಾತ್ರ ಒಂದೇ ಪ್ರಶ್ನೆ: ‘ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ?’

ನಗರಗಳ ಅನೇಕ ಮನೆಗಳಲ್ಲಿ ಈಗ ನಡೆಯುತ್ತಿರುವ ಚರ್ಚೆ ಇದು. ‘ವಯಸ್ಸು ಬರೀ ಸಂಖ್ಯೆ’ ಎಂದು ಸ್ನೇಹಿತರು ಹುರಿದುಂಬಿಸುತ್ತಾರೆ. ‘ಕೈಕಾಲು ಮುರಿದುಕೊಂಡರೆ ನೋಡಿಕೊಳ್ಳುವವರು ಯಾರು?’ ಎಂದು ಬಂಧುಗಳು ಹೆದರಿಸುತ್ತಾರೆ. ಎರಡು ಮಾತಿನಲ್ಲಿಯೂ ಅರ್ಧ ಸತ್ಯವಿದೆ. ದೂರಯಾನದ ಬೈಕುಗಳೆಲ್ಲ ಒಂದೇ ಬಗೆಯವಲ್ಲ; ಐವತ್ತೈದು ದಾಟಿದ ದೇಹಗಳೂ ಒಂದೇ ಬಗೆಯವಲ್ಲ. ಯಾವ ದೇಹಕ್ಕೆ ಯಾವ ಬೈಕ್ ಎಂಬ ಲೆಕ್ಕ ತಪ್ಪಿದಾಗಲೇ ಕನಸು ಕೆಡುತ್ತದೆ. ಆ ಲೆಕ್ಕವನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮರಳಿ ಬರುವ ಸವಾರ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಬೈಕುಗಳನ್ನು ತಯಾರಿಸಿತು. ಕರ್ನಾಟಕದಲ್ಲಿ ಇಂದು ಅರವತ್ತರ ಆಸುಪಾಸಿನಲ್ಲಿರುವ ಅನೇಕರು ಸವಾರಿ ಕಲಿತದ್ದು ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿಗಳ ಮೇಲೆ ಅಥವಾ ಹಳೆಯ ಬುಲೆಟ್ ಮೇಲೆ. ಬಳಿಕ ಸಂಸಾರ, ಕಾರು, ಕಚೇರಿ ಎಂದು ಇಪ್ಪತ್ತೈದು ವರ್ಷ ಕಳೆದುಹೋಗಿರುತ್ತದೆ. ಹೆಚ್ಚೆಂದರೆ ತರಕಾರಿ ತರಲು ಸ್ಕೂಟರ್ ಓಡಿಸಿರುತ್ತಾರೆ. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಹೊಸ ರೂಪದಲ್ಲಿ ಮಾರುಕಟ್ಟೆಗೆ ಮರಳಿದಾಗ ಇವರ ಹಳೆಯ ಆಸೆಯೂ ಮರಳಿತು.

ಇಡೀ ಜೀವನ ಬೈಕ್ ಬಿಡದೆ ಓಡಿಸಿದ ಅರವತ್ತರ ಸವಾರನಿಗಿಂತ, ಇಪ್ಪತ್ತೈದು ವರ್ಷ ಬಿಟ್ಟು ಮರಳಿ ಬರುವ ಐವತ್ತೈದರ ಸವಾರನು ಹೆಚ್ಚು ಎಚ್ಚರ ವಹಿಸಬೇಕಾಗುತ್ತದೆ. ಏಕೆಂದರೆ ಆತನ ಮನಸ್ಸಿನಲ್ಲಿರುವ ಆತ್ಮವಿಶ್ವಾಸ ಇಪ್ಪತ್ತೈದರ ಪ್ರಾಯದ್ದು, ಅಭ್ಯಾಸವೂ ಅಂದಿನದು. ಹಳೆಯ ಬುಲೆಟ್‌ಗಳಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇರುತ್ತಿತ್ತು. ಇಂದಿನ ಬೈಕುಗಳಲ್ಲಿ ಅದು ತಿರುವುಮುರುವು. ಸಾವಧಾನವಾಗಿ ಓಡಿಸುವಾಗ ಹೊಸ ಕ್ರಮ ನೆನಪಿರುತ್ತದೆ. ಆದರೆ ಎದುರಿಗೆ ದನ ಅಡ್ಡ ಬಂದ ಕ್ಷಣದಲ್ಲಿ ಕಾಲು ಹಳೆಯ ಜಾಗವನ್ನೇ ಹುಡುಕುತ್ತದೆ.

ಬ್ರೇಕಿನ ವಿಷಯವೂ ಹೀಗೆಯೇ. ‘ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ’ ಎಂಬುದು ಆ ತಲೆಮಾರಿನವರು ಕಲಿತ ಪಾಠ. ವಾಸ್ತವದಲ್ಲಿ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರದತ್ತ ಸರಿಯುವುದರಿಂದ ಬೈಕನ್ನು ನಿಲ್ಲಿಸುವ ಬಹುಪಾಲು ಶಕ್ತಿ ಮುಂದಿನ ಬ್ರೇಕಿನದೇ. 125 ಸಿಸಿಗಿಂತ ಹೆಚ್ಚಿನ ಎಂಜಿನ್ ಇರುವ ಬೈಕುಗಳಿಗೆ, ಹೊಸ ಮಾದರಿಗಳಾದರೆ 2018ರ ಏಪ್ರಿಲ್‌ನಿಂದ, ಹಳೆಯ ಮಾದರಿಗಳಾದರೆ 2019ರ ಏಪ್ರಿಲ್‌ನಿಂದ, ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಕಡ್ಡಾಯವಾಗಿದೆ. ಎರಡೂ ಚಕ್ರಗಳಿಗೆ ಎಬಿಎಸ್ ಇರುವ ಬೈಕನ್ನು ಆರಿಸಿಕೊಂಡು, ಖಾಲಿ ಮೈದಾನದಲ್ಲಿ ಎರಡು ಬ್ರೇಕುಗಳನ್ನೂ ಒಟ್ಟಿಗೆ ಬಳಸಿ ನಿಲ್ಲಿಸುವ ಅಭ್ಯಾಸವನ್ನು ಹೊಸದಾಗಿ ಮಾಡುವುದು ಅನಿವಾರ್ಯ.

ನಿಂತ ಬೈಕಿನ ಲೆಕ್ಕ

ಬೈಕ್ ಓಡುತ್ತಿರುವಾಗ ತನ್ನ ಸಮತೋಲವನ್ನು ಬಹುಮಟ್ಟಿಗೆ ತಾನೇ ಕಾಯ್ದುಕೊಳ್ಳುತ್ತದೆ. ಹೆದ್ದಾರಿಯಲ್ಲಿ 250 ಕಿಲೋ ಬೈಕೂ ಹಗುರವೆನಿಸುತ್ತದೆ. ವಯಸ್ಸಾದ ಸವಾರರಿಗೆ ಕಷ್ಟ ಎದುರಾಗುವುದು ಬೈಕ್ ನಿಂತಾಗ: ಪೆಟ್ರೋಲ್ ಬಂಕಿನಲ್ಲಿ, ಹೋಟೆಲ್ ಮುಂದಿನ ಇಳಿಜಾರಿನಲ್ಲಿ, ಮನೆಯ ಗೇಟಿನ ಬಳಿ ಹಿಂದಕ್ಕೆ ತಳ್ಳುವಾಗ, ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದು ನಿಲ್ಲಬೇಕಾದಾಗ.

ಸರಳ ಲೆಕ್ಕವೊಂದನ್ನು ನೋಡೋಣ. 200 ಕಿಲೋ ತೂಕದ ಬೈಕಿನ ಗುರುತ್ವ ಕೇಂದ್ರ ನೆಲದಿಂದ ಸುಮಾರು ಅರ್ಧ ಮೀಟರ್ ಎತ್ತರದಲ್ಲಿದೆ, ಹ್ಯಾಂಡಲ್ ಒಂದು ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ನಿಂತ ಬೈಕ್ 10 ಡಿಗ್ರಿ ವಾಲಿದರೆ ಹ್ಯಾಂಡಲ್ ಹಿಡಿದ ಕೈ ಸುಮಾರು 17 ಕಿಲೋ ಭಾರ ತಡೆಯಬೇಕು. 20 ಡಿಗ್ರಿ ವಾಲಿದರೆ 34 ಕಿಲೋ. 30 ಡಿಗ್ರಿಗೆ 50 ಕಿಲೋ. ಅದೇ 240 ಕಿಲೋ ಬೈಕಾದರೆ 30 ಡಿಗ್ರಿಯಲ್ಲಿ 60 ಕಿಲೋ. ಹಿಂದೆ ಕಟ್ಟಿದ ಸಾಮಾನಿನ ಭಾರ ಇದಕ್ಕೆ ಸೇರುತ್ತದೆ. ಮೊದಲ ಹತ್ತು ಡಿಗ್ರಿಯಲ್ಲಿ ಕಾಲು ಗಟ್ಟಿಯಾಗಿ ನೆಲಕ್ಕೆ ಸಿಕ್ಕಿದರೆ ಯಾರು ಬೇಕಾದರೂ ಬೈಕನ್ನು ತಡೆಯಬಲ್ಲರು. ಆ ಹಂತ ದಾಟಿದರೆ ಪೈಲ್ವಾನನಿಗೂ ಕಷ್ಟ.

ಮೂವತ್ತು ದಾಟಿದ ಬಳಿಕ ಸ್ನಾಯುಗಳು ನಿಧಾನವಾಗಿ ಕರಗುತ್ತಾ ಬರುತ್ತವೆ. ಅರವತ್ತರ ನಂತರ ಆ ವೇಗ ಹೆಚ್ಚುತ್ತದೆ. ಸಮತೋಲ ತಪ್ಪಿದಾಗ ಕಾಲು ಚಾಚಿ ಊರುವ ಚುರುಕುತನವೂ ತಗ್ಗುತ್ತದೆ. ಇಪ್ಪತ್ತೈದರಲ್ಲಿ ತುದಿಗಾಲಿನಲ್ಲಿ ಬೈಕ್ ನಿಲ್ಲಿಸಿದವರು ಅರವತ್ತರಲ್ಲಿ ಅದೇ ಸಾಹಸ ಮಾಡಲಾಗದು. ನಿಂತಲ್ಲೇ ಬೈಕ್ ವಾಲಿ ಬೀಳುವುದು ಪ್ರಾಯದವರಿಗೆ ನಗೆಪಾಟಲಿನ ಸಂಗತಿ. ಮೂಳೆ ಸವೆದವರಿಗೆ, ಅದರಲ್ಲೂ ಋತುಬಂಧದ ನಂತರದ ವಯಸ್ಸಿನ ಮಹಿಳಾ ಸವಾರರಿಗೆ, ಅದು ಮಣಿಕಟ್ಟು ಅಥವಾ ಸೊಂಟದ ಮೂಳೆ ಮುರಿತಕ್ಕೆ ಕಾರಣವಾಗಬಹುದು.

ಆದ್ದರಿಂದ ಬೈಕ್ ಕೊಳ್ಳುವಾಗ ಎಂಜಿನ್ ಎಷ್ಟು ಸಿಸಿ ಎಂದು ಕೇಳುವ ಮೊದಲು ಎರಡು ಅಂಕಿಗಳನ್ನು ಕೇಳಬೇಕು: ಪೆಟ್ರೋಲ್ ತುಂಬಿದಾಗಿನ ತೂಕವೆಷ್ಟು? ಸೀಟಿನ ಎತ್ತರವೆಷ್ಟು?

ಮೂರು ಬಗೆಯ ಬೈಕುಗಳು

ದೂರಯಾನಕ್ಕೆಂದು ನಮ್ಮಲ್ಲಿ ಕೊಳ್ಳುವ ಬೈಕುಗಳನ್ನು ಸ್ಥೂಲವಾಗಿ ಮೂರು ಗುಂಪು ಮಾಡಬಹುದು.

ಮೊದಲನೆಯದು ಕ್ರೂಸರ್. ಸೀಟು ತಗ್ಗು, ಕಾಲು ಮುಂದಕ್ಕೆ ಚಾಚಿ ಕೂರುವ ಭಂಗಿ. ರಾಯಲ್ ಎನ್‌ಫೀಲ್ಡ್ 2020ರಲ್ಲಿ ತಂದ ಮೀಟಿಯರ್ 350ರ ಸೀಟಿನ ಎತ್ತರ 765 ಮಿ.ಮೀ., ತೂಕ 191 ಕಿಲೋ. 2023ರ ಸೂಪರ್ ಮೀಟಿಯರ್ 650ರ ಸೀಟು ಇನ್ನೂ ತಗ್ಗು, 740 ಮಿ.ಮೀ. ಮಾತ್ರ, ಆದರೆ ತೂಕ 241 ಕಿಲೋ. ಕುಳ್ಳಗಿರುವವರಿಗೂ ಎರಡೂ ಪಾದಗಳು ನೆಲಕ್ಕೆ ಪೂರ್ತಿಯಾಗಿ ತಾಗುತ್ತವೆ ಎಂಬುದು ಕ್ರೂಸರ್‌ಗಳ ದೊಡ್ಡ ಗುಣ. ಕಾಲೆತ್ತಿ ಹತ್ತುವುದು ಸುಲಭ, ಮಂಡಿ ಹೆಚ್ಚು ಮಡಿಸಬೇಕಾಗಿಲ್ಲ.

ದೋಷವಿರುವುದು ಬೆನ್ನಿಗೆ. ಕಾಲು ಮುಂದಕ್ಕಿರುವಾಗ ದೇಹದ ಭಾರವೆಲ್ಲ ಬೆನ್ನುಮೂಳೆಯ ಬುಡದ ಮೇಲೆ ಬೀಳುತ್ತದೆ. ರಸ್ತೆಯಲ್ಲಿ ಗುಂಡಿ ಅಥವಾ ಹಂಪ್ ಎದುರಾದರೆ ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಆಘಾತ ತಪ್ಪಿಸಿಕೊಳ್ಳುವುದು ಕಷ್ಟ. ನಯವಾದ ಹೆದ್ದಾರಿಯಲ್ಲಿ ರಾಜಭೋಗ. ಊರೊಳಗಿನ ಹದಗೆಟ್ಟ ರಸ್ತೆಯಲ್ಲಿ ಸೊಂಟಕ್ಕೆ ಶಿಕ್ಷೆ. ಸೊಂಟದ ಡಿಸ್ಕ್ ಸಮಸ್ಯೆ ಇರುವವರು ತಗ್ಗಿನ ಸೀಟಿಗೆ ಮಾತ್ರ ಮಾರುಹೋಗಬಾರದು.

ಎರಡನೆಯದು ಅಡ್ವೆಂಚರ್ ಟೂರರ್. ನೆಟ್ಟಗೆ ಕೂರುವ ಭಂಗಿ, ಕಾಲು ದೇಹದ ಕೆಳಗೇ ಇರುತ್ತದೆ, ಉದ್ದನೆಯ ಸಸ್ಪೆನ್ಷನ್ ಗುಂಡಿಗಳನ್ನು ನುಂಗಿಕೊಳ್ಳುತ್ತದೆ. ಬೆನ್ನಿಗೆ ಇದರಷ್ಟು ಹಿತವಾದದ್ದು ಬೇರೆ ಇಲ್ಲ. ಆದರೆ ಸೀಟು ಎತ್ತರ. 2016ರಲ್ಲಿ ಬಂದ ಹಿಮಾಲಯನ್ 411ರ ಸೀಟು 800 ಮಿ.ಮೀ. ಇತ್ತು. 2023ರ ನವೆಂಬರ್‌ನಲ್ಲಿ ಬಂದ ಹಿಮಾಲಯನ್ 450ರಲ್ಲಿ ಅದು 825 ಮಿ.ಮೀ. ಆಯಿತು, ಬೇಕೆಂದರೆ 845ಕ್ಕೆ ಏರಿಸಿಕೊಳ್ಳಬಹುದು. ತೂಕ 196 ಕಿಲೋ. 2020ರಲ್ಲಿ ಬಂದ ಮೊದಲ ಪೀಳಿಗೆಯ ಕೆಟಿಎಂ 390 ಅಡ್ವೆಂಚರ್‌ನ ಸೀಟು 855 ಮಿ.ಮೀ. ಹಿಂದೆ ಬ್ಯಾಗ್ ಕಟ್ಟಿದ ಮೇಲೆ ಇವುಗಳ ಮೇಲೆ ಕಾಲೆತ್ತಿ ಹಾಕುವುದೇ ಸೊಂಟದ ಕೀಲಿಗೆ ಒಂದು ಪರೀಕ್ಷೆ.

165 ಸೆಂ.ಮೀ. ಎತ್ತರದ ವ್ಯಕ್ತಿಯ ತೊಡೆಸಂದಿನಿಂದ ಹಿಮ್ಮಡಿಯವರೆಗಿನ ಅಳತೆ ಸಾಮಾನ್ಯವಾಗಿ 74ರಿಂದ 77 ಸೆಂ.ಮೀ. ಬೂಟಿನ ಅಡಿಭಾಗ ಎರಡು ಮೂರು ಸೆಂ.ಮೀ. ಸೇರಿಸುತ್ತದೆ, ಸವಾರನ ಭಾರಕ್ಕೆ ಸಸ್ಪೆನ್ಷನ್ ಒಂದಿಷ್ಟು ಕುಗ್ಗುತ್ತದೆ. ಆದರೂ ಸೀಟಿನ ಅಗಲ ಕಾಲುಗಳನ್ನು ಹೊರಕ್ಕೆ ತಳ್ಳುವುದರಿಂದ 825 ಮಿ.ಮೀ. ಸೀಟಿನಲ್ಲಿ ಅಂಥವರಿಗೆ ನೆಲಕ್ಕೆ ಸಿಗುವುದು ಪಾದದ ಮುಂಭಾಗ ಮಾತ್ರ. ಮೂವತ್ತರ ಸವಾರನಿಗೆ ಅದು ಸಾಕು. ಮಂಡಿ ಸವೆದ ಅರವತ್ತರ ಸವಾರನಿಗೆ ಸಾಲದು.

ಮೂರನೆಯದು ಸಾಧಾರಣ ಭಂಗಿಯ ಬೈಕುಗಳು. ಕ್ಲಾಸಿಕ್ 350, ಹೋಂಡಾದ ಸಿಬಿ350ಯಂಥವು. ಸೀಟು 800 ಮಿ.ಮೀ. ಆಸುಪಾಸು, ತೂಕ 180ರಿಂದ 195 ಕಿಲೋ. ಇವು ಯಾವುದರಲ್ಲಿಯೂ ಅಗ್ರಗಣ್ಯವಲ್ಲ, ಆದರೆ ಯಾವ ಅಂಗಕ್ಕೂ ಅತಿಯಾದ ಶಿಕ್ಷೆ ಕೊಡುವುದಿಲ್ಲ. ಗಂಟೆಗೆ 80ರ ವೇಗದಲ್ಲಿ ಸಾವಧಾನವಾಗಿ ಸಾಗುವುದಾದರೆ ಇಷ್ಟು ಶಕ್ತಿ ಧಾರಾಳವಾಯಿತು. ಮರಳಿ ಬರುವ ಸವಾರರು ಮೊದಲ ಒಂದೆರಡು ವರ್ಷ ಇಂಥ ಬೈಕಿನಲ್ಲಿ ಕಳೆಯುವುದು ಜಾಣತನ.

ಇನ್ನು ಹತ್ತಿಪ್ಪತ್ತು ಲಕ್ಷ ರೂಪಾಯಿ ದಾಟುವ ಆಮದು ಬೈಕುಗಳ ಮಾತು. ಅಲ್ಲಿ ತಂತ್ರಜ್ಞಾನವೇ ವಯಸ್ಸಿಗೆ ಆಸರೆಯಾಗತೊಡಗಿದೆ. 1833 ಸಿಸಿಯ ಹೋಂಡಾ ಗೋಲ್ಡ್ ವಿಂಗ್ 370 ಕಿಲೋಗಿಂತ ಹೆಚ್ಚು ತೂಗುತ್ತದೆ; ಆದರೆ ಸೀಟಿನ ಎತ್ತರ 745 ಮಿ.ಮೀ. ಮಾತ್ರ. ಕ್ಲಚ್ ಹಿಡಿಯುವ ಗೊಡವೆಯಿಲ್ಲದ ಅದರ ಮಾದರಿಯಲ್ಲಿ ನಡಿಗೆಯ ವೇಗದಲ್ಲಿ ಹಿಂದಕ್ಕೂ ಚಲಿಸುವ ವ್ಯವಸ್ಥೆಯಿದೆ. 2021ರಲ್ಲಿ ಬಂದ ಹಾರ್ಲೆ ಡೇವಿಡ್ಸನ್ ಪ್ಯಾನ್ ಅಮೆರಿಕದ ಒಂದು ಮಾದರಿ, ನಿಲ್ಲುವ ಹೊತ್ತಿಗೆ ತಾನಾಗಿಯೇ ಎತ್ತರ ತಗ್ಗಿಸಿಕೊಳ್ಳುತ್ತದೆ. ಇವೆಲ್ಲ ಅನುಕೂಲವೇ. ಆದರೆ ಬಿದ್ದ ಬೈಕನ್ನು ಎತ್ತಲು ಯಾವ ತಂತ್ರಜ್ಞಾನವೂ ಒದಗುವುದಿಲ್ಲ.

ಕಣ್ಣು ಮತ್ತು ಅರ್ಧ ಸೆಕೆಂಡು

ನಲವತ್ತು ದಾಟಿದೊಡನೆ ಚಾಳೀಸು ಬರುವುದು ಎಲ್ಲರಿಗೂ ಗೊತ್ತು. ಬೈಕ್ ಸವಾರನಿಗೆ ಅದಕ್ಕಿಂತ ಗಂಭೀರವಾದದ್ದು ರಾತ್ರಿಯ ದೃಷ್ಟಿ. ವಯಸ್ಸಾದಂತೆ ಕಣ್ಣಿನೊಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ. ಎದುರಿನ ವಾಹನದ ಪ್ರಖರ ದೀಪ ಕಣ್ಣಿಗೆ ಹೊಡೆದ ಮೇಲೆ ಮತ್ತೆ ರಸ್ತೆ ಕಾಣಲು ಹೆಚ್ಚು ಸಮಯ ಬೇಕಾಗುತ್ತದೆ. ಪೊರೆ ಆರಂಭವಾಗಿದ್ದರೆ ದೀಪದ ಸುತ್ತ ಬೆಳಕು ಚದುರಿ ಗುಂಡಿಯೂ ಕಾಣದು, ಪಾದಚಾರಿಯೂ ಕಾಣನು. ಐವತ್ತೈದರ ನಂತರ ಸೂರ್ಯಾಸ್ತಕ್ಕೆ ಮುನ್ನ ತಂಗುವ ಊರು ಸೇರಿಕೊಳ್ಳುವುದನ್ನು ನಿಯಮವನ್ನಾಗಿಯೇ ಮಾಡಿಕೊಳ್ಳಬೇಕು.

ಪ್ರತಿಕ್ರಿಯೆಯ ಸಮಯವೂ ವಯಸ್ಸಿನೊಂದಿಗೆ ದೀರ್ಘವಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬೈಕ್ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಬ್ರೇಕ್ ಹಿಡಿಯುವುದು ಅರ್ಧ ಸೆಕೆಂಡ್ ತಡವಾದರೆ 11 ಮೀಟರ್, ಅಂದರೆ ಒಂದು ಬಸ್ಸಿನ ಉದ್ದದಷ್ಟು ದೂರ ಕೈತಪ್ಪಿದಂತೆ. ಅದೇ 60ರ ವೇಗದಲ್ಲಿ ಆ ನಷ್ಟ ಎಂಟು ಮೀಟರ್ ಚಿಲ್ಲರೆ. ಅನುಭವಿ ಸವಾರರು ಮುಂದಿನ ವಾಹನದಿಂದ ಹೆಚ್ಚು ಅಂತರವಿಟ್ಟು ಈ ಕೊರತೆಯನ್ನು ತುಂಬಿಕೊಳ್ಳುತ್ತಾರೆ. ವಯಸ್ಸು ಕಸಿದುಕೊಂಡದ್ದನ್ನು ವಿವೇಕ ಮರಳಿ ಕೊಡುವುದು ಇಂತಹ ಕಡೆಯಲ್ಲಿ.

ಮಾತ್ರೆಗಳ ಪಟ್ಟಿ

ಈ ವಯಸ್ಸಿನ ಬಹಳಷ್ಟು ಜನ ಒಂದಲ್ಲ ಒಂದು ಮಾತ್ರೆ ನುಂಗುವವರೇ. ರಕ್ತದೊತ್ತಡದ ಕೆಲವು ಔಷಧಿಗಳು ಕುಳಿತಲ್ಲಿಂದ ಎದ್ದಾಗ ತಲೆ ಸುತ್ತು ಬರಿಸುತ್ತವೆ. ಶೀತ, ಅಲರ್ಜಿಯ ಹಲವು ಮಾತ್ರೆಗಳು ತೂಕಡಿಕೆ ತರುತ್ತವೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ಮಧ್ಯಾಹ್ನದ ಊಟ ತಡಮಾಡಿದರೆ ರಕ್ತದ ಸಕ್ಕರೆ ಕುಸಿದು ಕೈನಡುಕ, ಮಂಪರು ಬರಬಹುದು. ದೀರ್ಘಕಾಲದ ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ಹಿಂದಿನ ಬ್ರೇಕನ್ನು ಎಷ್ಟು ಒತ್ತಿದ್ದೇವೆಂಬುದೇ ತಿಳಿಯುವುದಿಲ್ಲ. ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರಿಗೆ ತಲೆಗೆ ಬಿದ್ದ ಸಣ್ಣ ಪೆಟ್ಟೂ ದೊಡ್ಡದೇ.

ಹಾಗೆಂದು ಇವರಾರೂ ಬೈಕ್ ಏರಬಾರದೆಂದು ಅರ್ಥವಲ್ಲ. ‘ನಾನು ದಿನಕ್ಕೆ ಐದಾರು ಗಂಟೆ ಬೈಕ್ ಓಡಿಸಲಿದ್ದೇನೆ’ ಎಂದು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ ಸಲಹೆ ಪಡೆಯಬೇಕು. ವಯಸ್ಸಾದವರಿಗೆ ಬಾಯಾರಿಕೆಯ ಅರಿವು ತಡವಾಗಿ ಬರುತ್ತದೆ. ಮೂತ್ರಕ್ಕೆ ಹೆದರಿ ನೀರು ಕುಡಿಯದವರೂ ಉಂಟು. ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ನಡೆದಾಡಿ ನೀರು ಕುಡಿದರೆ ಎರಡೂ ಸಮಸ್ಯೆಗೆ ಪರಿಹಾರ.

ಕಾನೂನು ಏನು ಹೇಳುತ್ತದೆ?

ಬೈಕ್ ಓಡಿಸಲು ನಮ್ಮ ಕಾನೂನಿನಲ್ಲಿ ಗರಿಷ್ಠ ವಯೋಮಿತಿ ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, 50ರಿಂದ 55 ವರ್ಷದೊಳಗೆ ಪಡೆದ ಅಥವಾ ನವೀಕರಿಸಿದ ಚಾಲನಾ ಪರವಾನಗಿ 60 ವರ್ಷ ತುಂಬುವವರೆಗೆ ಚಾಲ್ತಿಯಲ್ಲಿರುತ್ತದೆ. 55 ದಾಟಿದ ಬಳಿಕ ಪಡೆದದ್ದಾದರೆ ಐದು ವರ್ಷ. ನಲವತ್ತು ದಾಟಿದವರು ನವೀಕರಣದ ವೇಳೆ ನಮೂನೆ 1-ಎ ಎಂಬ ವೈದ್ಯಕೀಯ ಪ್ರಮಾಣಪತ್ರ ಸಲ್ಲಿಸಬೇಕು. ಅನೇಕರು ಇದನ್ನು ಬರೀ ಕಾಗದದ ಕೆಲಸವೆಂದು ಭಾವಿಸುತ್ತಾರೆ. ಕಣ್ಣು, ಕಿವಿ, ಕೀಲುಗಳನ್ನು ನಿಜವಾಗಿಯೂ ಪರೀಕ್ಷಿಸಿಕೊಳ್ಳಲು ಇದೊಂದು ನೆಪವೆಂದು ತಿಳಿದರೆ ಲಾಭ ಸವಾರನಿಗೇ.

ಘಾಟಿ ಮೊದಲು, ಲಡಾಖ್ ಆಮೇಲೆ

ದೊಡ್ಡ ಬೈಕ್ ಕೊಂಡವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಲಡಾಖ್ ಇರುತ್ತದೆ. ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಖರ್ದುಂಗ್ ಲಾ 5,359 ಮೀಟರ್. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಬೆಂಗಳೂರಿನ 900 ಚಿಲ್ಲರೆ ಮೀಟರ್ ಎತ್ತರಕ್ಕೆ ಒಗ್ಗಿದ ದೇಹಕ್ಕೆ ಅಲ್ಲಿ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅಂಥಲ್ಲಿ ಜಲ್ಲಿಯ ಮೇಲೆ ಜಾರಿ ಬಿದ್ದ ಬೈಕನ್ನು ಎತ್ತುವ ಶ್ರಮ ಹೃದಯಕ್ಕೆ ಎಷ್ಟು ಭಾರವಾದೀತೆಂದು ಊಹಿಸಬಹುದು. ಹೃದ್ರೋಗದ ಇತಿಹಾಸವಿರುವವರು ತಜ್ಞರ ಒಪ್ಪಿಗೆಯಿಲ್ಲದೆ ಹೊರಡಬಾರದು. ಆರೋಗ್ಯವಂತರೂ ಲೇಹ್‌ನಲ್ಲಿ ಕನಿಷ್ಠ ಎರಡು ದಿನ ವಿಶ್ರಮಿಸಿ ಮುಂದುವರಿಯಬೇಕು.

ಅದಕ್ಕೂ ಮುನ್ನ ನಮ್ಮ ಘಾಟಿಗಳಲ್ಲೇ ಪಾಠ ಕಲಿಯಬಹುದು. ಆಗುಂಬೆ, ಚಾರ್ಮಾಡಿಗಳ ಕಡಿದಾದ ತಿರುವುಗಳಲ್ಲಿ ರಸ್ತೆಯ ಒಳಅಂಚು ತಗ್ಗಾಗಿರುತ್ತದೆ. ಎಡತಿರುವಿನಲ್ಲಿ ಏರುತ್ತಿರುವಾಗ ಥಟ್ಟನೆ ನಿಲ್ಲಬೇಕಾಗಿ ಬಂದು ಎಡಗಾಲು ಚಾಚಿದರೆ, ನೆಲ ನಿರೀಕ್ಷೆಗಿಂತ ಅರ್ಧ ಅಡಿ ಕೆಳಗಿರುತ್ತದೆ. ಸೀಟಿನ ಎತ್ತರದ ಲೆಕ್ಕ ನಿಜವಾಗಿ ಅರ್ಥವಾಗುವುದು ಅಲ್ಲಿ. ತಿರುವಿಗೆ ಮುನ್ನವೇ ವೇಗ ತಗ್ಗಿಸಿ, ಮೇಲಿನಿಂದ ವಾಹನ ಬರುತ್ತಿದೆಯೇ ಎಂದು ನೋಡಿ, ಬರುತ್ತಿದ್ದರೆ ಸಮತಟ್ಟಾದ ಜಾಗದಲ್ಲೇ ಕಾಯುವುದು ಸುರಕ್ಷಿತ.

ಪತ್ನಿಯೋ ಪತಿಯೋ ಹಿಂದಿನ ಸೀಟಿನಲ್ಲಿ ಜೊತೆಗೂಡುವುದಾದರೆ ಅವರ ವಯಸ್ಸೂ ಲೆಕ್ಕಕ್ಕೆ ಬರಬೇಕು. ಎತ್ತರದ ಸೀಟಿಗೆ ಅವರು ಹತ್ತುವ ಕ್ಷಣದಲ್ಲಿಯೇ ಬೈಕ್ ವಾಲುವ ಸಂಭವ ಹೆಚ್ಚು. ಸಾಮಾನನ್ನು ಹಿಂದಿನ ಎತ್ತರದ ಪೆಟ್ಟಿಗೆಯಲ್ಲಿ ತುಂಬುವ ಬದಲು ಇಬ್ಬದಿಯ ಚೀಲಗಳಲ್ಲಿ, ಆದಷ್ಟು ಕೆಳಗೆ ಕಟ್ಟಿದರೆ ಸಮತೋಲ ಉಳಿಯುತ್ತದೆ.

ಮುಂಗಡ ಕೊಡುವ ಮುನ್ನ

ಶೋರೂಮಿನಲ್ಲಿ ಹತ್ತು ನಿಮಿಷ ಓಡಿಸಿ ನೋಡಿದರೆ ಎಲ್ಲ ಬೈಕೂ ಚೆಂದವೇ. ಈ ಐದು ಪರೀಕ್ಷೆಗಳನ್ನು ನೀವೇ ಮಾಡಿಕೊಳ್ಳಿ.

1. ಪ್ರಯಾಣದ ಬೂಟು ತೊಟ್ಟು ಸೀಟಿನಲ್ಲಿ ಕುಳಿತಾಗ ಎರಡೂ ಪಾದಗಳು, ಕನಿಷ್ಠ ಒಂದು ಪಾದ ಪೂರ್ತಿಯಾಗಿ, ನೆಲಕ್ಕೆ ಊರುತ್ತದೆಯೇ?

2. ಎಂಜಿನ್ ಆರಿಸಿ, ಬೈಕನ್ನು ಸಣ್ಣ ಏರಿನಲ್ಲಿ ಹತ್ತು ಅಡಿ ಹಿಂದಕ್ಕೆ ತಳ್ಳಬಲ್ಲಿರಾ?

3. ಸೆಂಟರ್ ಸ್ಟ್ಯಾಂಡ್ ಇದ್ದರೆ ಯಾರ ನೆರವೂ ಇಲ್ಲದೆ ಹಾಕಬಲ್ಲಿರಾ?

4. ಹಿಂದಿನ ಸೀಟಿನಲ್ಲಿ ಚೀಲವೊಂದನ್ನಿಟ್ಟು, ಅದಕ್ಕೆ ಕಾಲು ತಾಗದಂತೆ ಹತ್ತಿ ಇಳಿಯಬಲ್ಲಿರಾ?

5. ಒಂದು ದಿನ ಬಾಡಿಗೆಗೆ ಪಡೆದು 150 ಕಿ.ಮೀ. ಓಡಿಸಿದ ಬಳಿಕ, ಮರುದಿನ ಬೆಳಿಗ್ಗೆ ಸೊಂಟ, ಕತ್ತು, ಮಣಿಕಟ್ಟು ಏನು ಹೇಳುತ್ತವೆ?

ಬಿದ್ದ ಬೈಕ್ ಎತ್ತುವ ಕ್ರಮವನ್ನೂ ಬಲ್ಲವರಿಂದ ಕಲಿಯಿರಿ. ಬಲಕ್ಕೆ ಬಿದ್ದಿದ್ದರೆ ಮೊದಲು ಸೈಡ್ ಸ್ಟ್ಯಾಂಡ್ ಬಿಡಿಸಿ, ಗೇರಿನಲ್ಲಿರಿಸಬೇಕು. ಬೈಕಿಗೆ ಬೆನ್ನು ಮಾಡಿ ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಚೌಕಟ್ಟು ಹಿಡಿದು, ಕಾಲಿನ ಬಲದಿಂದ ಹಿಂದಕ್ಕೆ ಸಣ್ಣ ಹೆಜ್ಜೆಯಿಡುತ್ತಾ ಎಬ್ಬಿಸಬೇಕು. ಬೆನ್ನು ಬಾಗಿಸಿ ಎತ್ತಲು ಹೋಗಬಾರದು. ಕುಕ್ಕರುಗಾಲಿನಲ್ಲಿ ಕೂರಲಾಗದವರು ಹಗುರವಾದ ಬೈಕನ್ನೇ ಕೊಳ್ಳಬೇಕು, ಇಲ್ಲವೇ ಜೊತೆಗಾರರಿಲ್ಲದೆ ಹೊರಡಬಾರದು.

ಈ ಪರೀಕ್ಷೆಗಳಲ್ಲಿ ಗೆದ್ದವರಿಗೆ ಅರವತ್ತಾದರೂ ಅರವತ್ತೈದಾದರೂ ರಸ್ತೆ ತೆರೆದಿದೆ. ಸೋತವರಿಗೂ ದಾರಿ ಮುಚ್ಚಿಲ್ಲ. ಇನ್ನೂ ಮೂವತ್ತು ಕಿಲೋ ಹಗುರ, ಐವತ್ತು ಮಿಲಿಮೀಟರ್ ತಗ್ಗಾದ ಬೈಕಿನಲ್ಲಿ ಅದೇ ಆಗುಂಬೆಯ ಸೂರ್ಯಾಸ್ತ ನೋಡಿ ಬರಬಹುದು. ವರ್ಷಕ್ಕೊಮ್ಮೆ ಇದೇ ಐದು ಪರೀಕ್ಷೆಗಳನ್ನು ಪುನಃ ಮಾಡಿಕೊಂಡರೆ, ಬೈಕ್ ಬದಲಿಸುವ ಕಾಲ ಯಾವಾಗ ಬಂತು, ಇಳಿಯುವ ಕಾಲ ಯಾವಾಗ ಬಂತು ಎಂಬುದನ್ನು ಮನೆಯವರು ಹೇಳಬೇಕಾಗಿಲ್ಲ. ಸವಾರನ ಕಾಲುಗಳೇ ಹೇಳುತ್ತವೆ.